ಒಣಮರದ ಬಡಗಿ

ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಸುತ್ತಮುತ್ತ ಬೆಳಗಿನ ಹೊತ್ತು ಹೊಲದ ಬದುಗಳಲ್ಲಿ ನಡೆದರೆ 'ಟಕ ಟಕ ಟಕ' ಎಂಬ ಸದ್ದು ಕಿವಿಗೆ ಬೀಳುವುದುಂಟು. ತಲೆಯೆತ್ತಿ ನೋಡಿ. ಹೊಂಬಣ್ಣದ ಬೆನ್ನು, ಕೆಂಪು ಜುಟ್ಟಿನ ಹಕ್ಕಿಯೊಂದು ಒಣಗಿದ ಮರಕ್ಕೆ ಅಂಟಿಕೊಂಡಂತೆ ಕುಳಿತಿರುತ್ತದೆ. ಅದೇ ಮರಕುಟಿಗ.

"ಸಾರ್, ಈ ಹಕ್ಕಿ ಕುಟ್ಟಿ ಕುಟ್ಟಿ ಮರವನ್ನೇ ಸಾಯಿಸುತ್ತದಂತೆ, ನಿಜವೇ?" ಎಂದು ಮಕ್ಕಳು ಕೇಳುತ್ತಾರೆ. ಮನೆಯಲ್ಲಿ ದೊಡ್ಡವರು ಹೇಳಿದ ಮಾತದು. ನಿಜ ಸಂಗತಿ ಬೇರೆ. ತೊಗಟೆಯ ಅಡಿಯಲ್ಲಿ ಹುಳು, ಇರುವೆ, ಗೆದ್ದಲು ಸೇರಿಕೊಂಡ ಮೇಲೆ ಅವುಗಳನ್ನು ಹುಡುಕಿಕೊಂಡು ಮರಕುಟಿಗ ಬರುತ್ತದೆ.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳೆಲ್ಲ ಅದರ ಮೈಯಲ್ಲೇ ಇವೆ. ಕೊಕ್ಕು ಉಳಿಯಂತೆ. ಹೆಚ್ಚಿನ ಜಾತಿಗಳಲ್ಲಿ ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದರಿಂದ ಹಿಡಿತ ಭದ್ರ. ಬಿರುಸಾದ ಬಾಲದ ಗರಿಗಳು ಮೂರನೆಯ ಕಾಲಿನಂತೆ ಆಸರೆ ಕೊಡುತ್ತವೆ. ಉದ್ದನೆಯ ಅಂಟು ನಾಲಿಗೆ ಬಿಲದೊಳಗಿನ ಹುಳುವನ್ನು ಎಳೆದು ತರುತ್ತದೆ.

ಇಷ್ಟು ಕುಟ್ಟಿದರೂ ತಲೆನೋವು ಬಾರದೇ? ತಲೆಬುರುಡೆಯ ಸ್ಪಂಜಿನಂಥ ಮೂಳೆ ಪೆಟ್ಟನ್ನು ಹೀರುತ್ತದೆ ಎಂದು ನಾನೂ ವರ್ಷಗಟ್ಟಲೆ ಪಾಠ ಹೇಳಿದ್ದೆ. 2022ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಪರೀಕ್ಷಿಸಿ, ಅದು ಸರಿಯಲ್ಲವೆಂದು ತೋರಿಸಿದರು. ಪೆಟ್ಟನ್ನು ತಲೆಯೇ ಹೀರಿಕೊಂಡರೆ ಕುಟ್ಟುವ ಬಲ ಕುಂದುತ್ತದಲ್ಲವೇ? ಅದರ ತಲೆ ಗಟ್ಟಿ ಸುತ್ತಿಗೆಯಂತೆ ಕೆಲಸ ಮಾಡುತ್ತದೆ. ಮಿದುಳು ತೀರಾ ಚಿಕ್ಕದಾದ್ದರಿಂದ ಅಪಾಯವಿಲ್ಲ. ನಾನು ನನ್ನ ಪಾಠ ತಿದ್ದಿಕೊಂಡೆ. 'ಮರ ಕೊಲ್ಲುವ ಹಕ್ಕಿ' ಎಂಬ ಮಾತನ್ನು ನಾವೆಲ್ಲರೂ ತಿದ್ದಿಕೊಳ್ಳಬೇಕು.

ಗೂಡಿಗೂ ಮರಕುಟಿಗ ಹೆಚ್ಚಾಗಿ ಲಡ್ಡು ಹಿಡಿದ ಮೆತ್ತನೆಯ ಮರವನ್ನೇ ಆರಿಸುತ್ತದೆ. ಹೊಂಬೆನ್ನಿನ ಮರಕುಟಿಗ ಸಾಮಾನ್ಯವಾಗಿ ಎರಡು ಮೂರು ಬಿಳಿ ಮೊಟ್ಟೆಯಿಡುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಮರಿಗಳು ಹಾರಿಹೋದ ಮೇಲೆ ಆ ಪೊಟರೆ ಪಾಳು ಬೀಳುವುದಿಲ್ಲ. ಗಿಳಿ, ಗೊರವಂಕ, ಮಡಿವಾಳ ಹಕ್ಕಿ, ಹಾಲಕ್ಕಿಗಳು ಅಲ್ಲಿ ಸಂಸಾರ ಹೂಡುತ್ತವೆ. ಬಡಗಿ ಒಬ್ಬ, ಒಕ್ಕಲು ಹಲವರು!

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಒಣಮರವೆಂದರೆ ಒಲೆಗೋ ತಂಬಾಕಿನ ಬ್ಯಾರನ್‌ಗೋ ಸೌದೆಯೆಂದೇ ಲೆಕ್ಕ. ಮನೆ ಮೇಲೋ ದಾರಿ ಮೇಲೋ ಬೀಳುವಂತಿದ್ದರೆ ಕಡಿಯಲೇಬೇಕು, ಸರಿ. ಆದರೆ ಹೊಲದ ಮೂಲೆಯಲ್ಲಿ ಯಾರಿಗೂ ತೊಂದರೆಯಿಲ್ಲದೆ ನಿಂತಿರುವ ಒಂದನ್ನಾದರೂ ಬಿಡಬಾರದೇ? ಕೊಡಲಿ ಎತ್ತುವ ಮೊದಲು ಕಾಂಡದಲ್ಲಿ ದುಂಡನೆಯ ತೂತು ಇದೆಯೇ ಎಂದು ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ನೋಡಿ.