ಚಲಚ್ಚಿತ್ರ ಭಂಡಾರದಲ್ಲಿ ಆಕರಶೋಧನೆ

ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವನಿಗೆ ಕಾಗದಪತ್ರಗಳಷ್ಟೇ ಮುಖ್ಯವಾದ ಇನ್ನೊಂದು ಆಕರವೆಂದರೆ ಚಲಚ್ಚಿತ್ರ. ಕಥಾಚಿತ್ರಗಳನ್ನು ಮಾತ್ರ ಇಲ್ಲಿ ಉದ್ದೇಶಿಸಿಲ್ಲ. ವಾರ್ತಾಚಿತ್ರ, ಸರ್ಕಾರದ ಪ್ರಚಾರಚಿತ್ರ, ಶಾಲೆಗಳಿಗಾಗಿ ತೆಗೆದ ಬೋಧನಚಿತ್ರ, ಕಾರ್ಖಾನೆಗಳ ಜಾಹೀರಾತು, ಮನೆಮಂದಿ ತೆಗೆದ ತುಣುಕು, ಇವೆಲ್ಲವೂ ಸೇರಿವೆ. ಇಂಥವು ಈಗ ಅಪಾರ ಸಂಖ್ಯೆಯಲ್ಲಿ ಅಂತರ್ಜಾಲದ ಭಂಡಾರಗಳಲ್ಲಿ ಶೇಖರವಾಗಿವೆ. ಅವುಗಳಲ್ಲಿ ಬೇಕಾದುದನ್ನು ಕ್ರಮವಾಗಿ ಹುಡುಕುವುದು ಹೇಗೆ, ಹುಡುಕಿ ಪಡೆದ ಪಟ್ಟಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಒಂದು ಭಂಡಾರದ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ಎರಡನೆಯ ಪ್ರಶ್ನೆಯೇ ಹೆಚ್ಚು ಮಹತ್ತ್ವದ್ದು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ‘ಈ ವಿಷಯವಾಗಿ ಚಿತ್ರಗಳು ಉಪಲಬ್ಧವಿಲ್ಲ’ ಎಂಬ ವಾಕ್ಯ ಆಗಾಗ್ಗೆ ಕಾಣುತ್ತದೆ. ಆ ಮಾತಿನ ಹಿಂದೆ ಇರುವುದು ಅನೇಕ ವೇಳೆ ಒಂದೇ ಒಂದು ಶೋಧನೆ.

ನಿದರ್ಶನಕ್ಕಾಗಿ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಬ್ರೂಸ್ಟರ್ ಕೇಲ್ ಎಂಬವರು 1996ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕೇಂದ್ರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದೆ. ಇದರ ಚಿತ್ರವಿಭಾಗಗಳಲ್ಲಿ ಪ್ರಸಿದ್ಧವಾದುದು ಪ್ರೆಲಿಂಜರ್ ಸಂಗ್ರಹ. ರಿಕ್ ಪ್ರೆಲಿಂಜರ್ ಅವರು 1983ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿ, ಇತರರು ಕಸವೆಂದು ಬಗೆದ ಜಾಹೀರಾತುಚಿತ್ರ, ಬೋಧನಚಿತ್ರಗಳನ್ನು ಕೂಡಿಹಾಕಿದರು. ಈ ಸಂಗ್ರಹವನ್ನು 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನದಾಗಿಸಿಕೊಂಡಿತು. ಅದರಿಂದ ಆಯ್ದ ಸಾವಿರಾರು ಚಿತ್ರಗಳನ್ನು ಆರ್ಕೈವಿನಲ್ಲಿ ಯಾರು ಬೇಕಾದರೂ ನೋಡಬಹುದು.

ಇಂಥ ಭಂಡಾರವನ್ನು ಪುಟ ತಿರುವಿ ನೋಡುವುದು ಸಾಧ್ಯವಿಲ್ಲ. ಇದಕ್ಕಾಗಿ ಇರುವ ಸಾಧನವೇ ಎ.ಪಿ.ಐ. ಕಪಾಟುಗಳನ್ನು ಓದುಗರಿಗೆ ತೆರೆದಿಡದ ಹಳೆಯ ಗ್ರಂಥಾಲಯಗಳ ಪದ್ಧತಿಯನ್ನು ನೆನೆದರೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಓದುಗನು ಗೊತ್ತಾದ ನಮೂನೆಯ ಚೀಟಿಯನ್ನು ತುಂಬಿ ಕೊಡುತ್ತಾನೆ. ಒಳಗಿನಿಂದ ಪುಸ್ತಕ ಬರುತ್ತದೆ. ಇಲ್ಲಿ ಚೀಟಿಯೆಂದರೆ ವಿಧಿಬದ್ಧವಾಗಿ ಬರೆದ ಒಂದು ಜಾಲವಿಳಾಸ. ಬರುವ ಉತ್ತರವು ಜೇಸನ್ ಎಂಬ ರೂಪದಲ್ಲಿ ಜೋಡಿಸಿದ ಪಟ್ಟಿ.

ಚೀಟಿಯ ಮುಖ್ಯಭಾಗ ಪ್ರಶ್ನೆ. ಪ್ರತಿಯೊಂದು ಚಿತ್ರದ ವಿವರವೂ ಶೀರ್ಷಿಕೆ, ಕರ್ತೃ, ವಿಷಯ, ಭಾಷೆ, ದಿನಾಂಕ, ಸಂಗ್ರಹ ಎಂಬ ಅಂಕಣಗಳಲ್ಲಿ ಹಂಚಿಕೆಯಾಗಿರುತ್ತದೆ. ಯಾವ ಅಂಕಣವನ್ನೂ ಹೆಸರಿಸದೆ ಒಂದು ಪದವನ್ನು ಕೊಟ್ಟರೆ ಅದು ಶೋಧನೆ. ಅಂಕಣದ ಹೆಸರು ಹೇಳಿ ಅದರ ಬೆಲೆಯನ್ನು ನಿಗದಿಗೊಳಿಸಿದರೆ ಅದು ಜರಡಿ ಹಿಡಿಯುವುದು. ‘ಮೀಡಿಯಾಟೈಪ್’ ಅಂಕಣಕ್ಕೆ ‘ಮೂವೀಸ್’ ಎಂದು ಬರೆದರೆ ಚಿತ್ರಗಳು ಮಾತ್ರ ಉಳಿಯುತ್ತವೆ. ಸಹಜವಾಗಿ ತೋರುವ ‘ವಿಡಿಯೊ’ ಎಂಬ ಪದವನ್ನು ಬರೆದವನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಷರತ್ತುಗಳನ್ನು ಆ್ಯಂಡ್, ಆರ್, ನಾಟ್ ಎಂಬ ಪದಗಳಿಂದ ಕೂಡಿಸಬಹುದು. ಉತ್ತರದಲ್ಲಿ ಯಾವ ಅಂಕಣಗಳು ಬೇಕು, ಯಾವ ಅನುಕ್ರಮದಲ್ಲಿ ಬೇಕು, ಪುಟಕ್ಕೆ ಎಷ್ಟು ಎಂಬುದನ್ನೂ ಚೀಟಿಯಲ್ಲೇ ತಿಳಿಸಬೇಕು. ಈ ವಿಧಾನದಲ್ಲಿ 10,000ಕ್ಕಿಂತ ಆಚೆಯ ಫಲಗಳನ್ನು ಪುಟಪುಟವಾಗಿ ಪಡೆಯಲಾಗದು. ಅಷ್ಟು ಬೇಕಾದವರಿಗೆ ‘ಸ್ಕ್ರೇಪ್’ ಎಂಬ ಬೇರೆ ದ್ವಾರವುಂಟು.

ಇಷ್ಟು ಯಂತ್ರದ ಮಾತು. ಇನ್ನು ಆಕರವಿಮರ್ಶೆ.

ಈ ಚೀಟಿ ಹುಡುಕುವುದು ಚಿತ್ರವನ್ನಲ್ಲ, ಚಿತ್ರವನ್ನು ಕುರಿತು ಯಾರೋ ಬರೆದ ವಿವರವನ್ನು. ವಿವರದಲ್ಲಿ ಇಲ್ಲದ್ದು, ಚಿತ್ರದ ಪ್ರತಿಯೊಂದು ಚೌಕಟ್ಟಿನಲ್ಲಿ ಇದ್ದರೂ, ಸಿಕ್ಕುವುದಿಲ್ಲ. ಅದರಲ್ಲಿಯೂ ಕಾಲನಿರ್ದೇಶದ ವಿಷಯದಲ್ಲಿ ಬಹಳ ಎಚ್ಚರ ಬೇಕು. ‘ಡೇಟ್’ ಎಂಬುದು ಕೃತಿಯ ದಿನಾಂಕ. ‘ಪಬ್ಲಿಕ್‌ಡೇಟ್’ ಎಂಬುದು ಅದು ಭಂಡಾರದಲ್ಲಿ ಪ್ರಕಟವಾದ ದಿನಾಂಕ. ಅಣುಬಾಂಬಿನಿಂದ ಪಾರಾಗುವುದನ್ನು ಅಮೆರಿಕದ ಮಕ್ಕಳಿಗೆ ಕಲಿಸಲೆಂದು ತೆಗೆದ ‘ಡಕ್ ಅಂಡ್ ಕವರ್’ ಚಿತ್ರದ ಕಾಲ 1951. ಇದನ್ನು ಪ್ರಕಟಣೆಯ ದಿನಾಂಕದ ಜರಡಿಯಿಂದ ಹುಡುಕಿದರೆ ಇಪ್ಪತ್ತೊಂದನೆಯ ಶತಮಾನದ ಚಿತ್ರಗಳ ನಡುವೆ ಕಾಣಿಸಿಕೊಳ್ಳುತ್ತದೆ. ಇಷ್ಟೇ ಅಲ್ಲ. ವಿವರಕಾರನು 1955 ಎಂದು ವರ್ಷವನ್ನು ಮಾತ್ರ ಬರೆದಿದ್ದರೆ ಶೋಧನೆಯ ಉತ್ತರದಲ್ಲಿ ಅದು 1955ರ ಜನವರಿ 1 ಎಂದಾಗಿಬಿಡುತ್ತದೆ. ಹೀಗಿರುವಲ್ಲಿ ಆ ವರ್ಷದ ಹೊಸವರ್ಷದ ದಿನ ಚಿತ್ರಗಳ ಸುರಿಮಳೆಯಾಯಿತೆಂದು ಯಾರಾದರೂ ಸಿದ್ಧಾಂತ ಮಾಡಿದರೆ ನಗುವಂತಿಲ್ಲ. ಯಂತ್ರವೇ ಹಾಗೆ ಹೇಳಿದೆ. ಪ್ರತಿ ಚಿತ್ರದ ಗುರುತುಪದವನ್ನು ಕೊಟ್ಟು ಮೂಲ ವಿವರವನ್ನೇ ತರಿಸುವ ‘ಮೆಟಾಡೇಟಾ’ ದ್ವಾರದಲ್ಲಿ ನೋಡಿದರೆ ಬರಿಯ 1955 ಕಾಣುತ್ತದೆ. ಇನ್ನು ದಿನಾಂಕವನ್ನೇ ಬರೆಯದ ಚಿತ್ರಗಳು, 1950ರಿಂದ 1959ರ ವರೆಗೆ ಎಂದು ಮಿತಿ ಹಾಕಿದ ಕ್ಷಣ, ಸದ್ದಿಲ್ಲದೆ ಪಟ್ಟಿಯಿಂದ ಜಾರಿಹೋಗುತ್ತವೆ. ಆದಕಾರಣ ಮಿತಿಯಿಲ್ಲದೆ ಒಮ್ಮೆ, ಮಿತಿಯೊಡನೆ ಒಮ್ಮೆ ಹುಡುಕಿ, ಎರಡು ಸಂಖ್ಯೆಗಳನ್ನೂ ಹೋಲಿಸತಕ್ಕದ್ದು.

ನಮ್ಮ ನಾಡಿನ ವಿಷಯಕ್ಕೆ ಬಂದರೆ ಹೆಸರಿನ ತೊಡಕು ದೊಡ್ಡದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಚಿತ್ರಗಳ ವಿವರದಲ್ಲಿ ‘ಮೈಸೂರು’ ಎಂದಿರುವುದೇ ಸ್ವಾಭಾವಿಕ. ಅದನ್ನಾದರೂ ಇಂಗ್ಲಿಷಿನಲ್ಲಿ ‘ಮೈಸೋರ್’ ಎಂದು ಬರೆಯುತ್ತಿದ್ದರು. ಬೆಂಗಳೂರು, ಮೈಸೂರು ಮೊದಲಾದ ನಗರಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಯಂತ್ರಕ್ಕೆ ಇವೆಲ್ಲ ಒಂದೇ ಎಂಬ ತಿಳಿವಳಿಕೆ ಇಲ್ಲ. ಹಳೆಯ ಹೊಸ ರೂಪಗಳನ್ನೆಲ್ಲ ‘ಆರ್’ ಪದದಿಂದ ಕೂಡಿಸಿ ಕೇಳುವುದು ಶೋಧಕನ ಹೊಣೆ. ಭಾಷೆಯ ಅಂಕಣವೂ ಹೀಗೆಯೇ. ಒಬ್ಬರು ಕನ್ನಡವೆಂದು ಪೂರ್ತಿಯಾಗಿ ಬರೆಯುತ್ತಾರೆ, ಇನ್ನೊಬ್ಬರು ‘ಕೆ, ಎ, ಎನ್’ ಎಂಬ ಮೂರಕ್ಷರದ ಸಂಕೇತವನ್ನು ಹಾಕುತ್ತಾರೆ, ಹಲವರು ಖಾಲಿ ಬಿಡುತ್ತಾರೆ. ಮೂಕಚಿತ್ರಕ್ಕಂತೂ ಯಾವ ಭಾಷೆ!

ಫಲಗಳ ಸಂಖ್ಯೆಯನ್ನು ದಶಕವಾರು ಜೋಡಿಸಿ ನಕ್ಷೆ ಬರೆಯುವ ಪದ್ಧತಿ ಈಗ ಬಳಕೆಗೆ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಇದು ಅಪಾಯಕರ. ಆ ಸಂಖ್ಯೆ ಹೇಳುವುದು ಒಂದು ದಶಕದಲ್ಲಿ ಎಷ್ಟು ಚಿತ್ರಗಳನ್ನು ತೆಗೆದರೆಂಬುದನ್ನಲ್ಲ. ಉಳಿದವುಗಳಲ್ಲಿ ಎಷ್ಟನ್ನು ಯಾರೋ ಭಂಡಾರಕ್ಕೆ ಏರಿಸಿ, ದಿನಾಂಕವನ್ನೂ ಬರೆದರೆಂಬುದನ್ನು. ಪಟ್ಟಿಯೂ ದಿನೇ ದಿನೇ ಬೆಳೆಯುತ್ತದೆ. ಆದ್ದರಿಂದ ಅಡಿಟಿಪ್ಪಣಿಯಲ್ಲಿ ಭಂಡಾರದ ಹೆಸರು ಮಾತ್ರ ಸಾಲದು; ಕಳುಹಿಸಿದ ಪ್ರಶ್ನೆಯನ್ನು ಅಕ್ಷರಶಃ, ಹುಡುಕಿದ ದಿನಾಂಕವನ್ನು ಮತ್ತು ಆ ದಿನ ದೊರೆತ ಸಂಖ್ಯೆಯನ್ನು ಕಾಣಿಸಬೇಕು. ಏನೂ ದೊರೆಯದಿದ್ದಾಗಲೂ ‘ಚಿತ್ರಗಳಿಲ್ಲ’ ಎನ್ನದೆ, ಇಂಥ ಪದಗಳಿಂದ ಇಂಥ ದಿನ ಹುಡುಕಿದಾಗ ಒಂದೂ ಬರಲಿಲ್ಲ ಎಂದು ಬರೆಯುವುದು ಯುಕ್ತ. ಮುಂದಿನವನು ಬೇರೆ ಪದಗಳಿಂದ ಹುಡುಕಲು ಆಗ ಅವಕಾಶವಿರುತ್ತದೆ.