ಶಿವಪುರ ತೂಗು ಸೇತುವೆ: ಒಂದು ದಿನದ ಪ್ರವಾಸಕ್ಕೆ ಹೊರಡೋ ಮುನ್ನ ಗೊತ್ತಿರಲಿ

ಯಲ್ಲಾಪುರ: ಮಳೆ ಕಡಿಮೆಯಾಗಿ ದಸರಾ ರಜೆ ಹತ್ತಿರ ಬಂದರೆ ಸಾಕು, ಪಟ್ಟಣದಲ್ಲಿ ಹುಬ್ಬಳ್ಳಿ, ಬೆಳಗಾವಿ, ಗೋವಾ, ಮಹಾರಾಷ್ಟ್ರದ ಗಾಡಿಗಳು ಕಾಣಿಸಿಕೊಳ್ಳುತ್ತವೆ. ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಯವರಿಗೆ ಎದುರಾಗೋ ಪ್ರಶ್ನೆಗಳಲ್ಲಿ ಒಂದು: "ಶಿವಪುರ ತೂಗು ಸೇತುವೆಗೆ ಯಾವ ಕಡೆ?" ದಾರಿ ಹೇಳೋದು ಕಷ್ಟ ಅಲ್ಲ. ಆದರೆ ಆ ಸೇತುವೆ ಯಾಕಿದೆ, ಅದರ ಮೇಲೆ ಏನು ಮಾಡಬಹುದು, ಏನು ಮಾಡಬಾರದು ಅನ್ನೋದನ್ನು ಹೇಳುವವರು ಕಡಿಮೆ.

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಸಣ್ಣ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಒಂದರ ಕೆಳಗೊಂದು ಅಣೆಕಟ್ಟು. ಘಟ್ಟದ ಕಣಿವೆಯಲ್ಲಿ ಕೊಡಸಳ್ಳಿ ಅಣೆಕಟ್ಟಿನ ನೀರು ನಿಂತ ಮೇಲೆ ಕಾಡಿನ ನಡುವೆ ಹಿನ್ನೀರು ಉದ್ದಕ್ಕೆ ಚಾಚಿಕೊಂಡಿತು. 120 ಮೆಗಾವಾಟ್ ವಿದ್ಯುತ್ ಹುಟ್ಟೋ ಈ ಯೋಜನೆಗೆ ಊರುಗಳು ಕೊಟ್ಟ ಬೆಲೆಯಲ್ಲಿ ಶಿವಪುರದ ದಾರಿಯೂ ಸೇರಿದೆ. ಊರು ಜೋಯಿಡಾ ತಾಲ್ಲೂಕಿನದು, ಹತ್ತಿರದ ಪೇಟೆ ಯಲ್ಲಾಪುರ, ನಡುವೆ ನೀರು. ದೋಣಿಯೇ ಗತಿಯಾಗಿದ್ದ ಜನಕ್ಕೆ ಸಿಕ್ಕಿದ್ದು ಈ ತೂಗು ಸೇತುವೆ. ಉದ್ದ ಇನ್ನೂರು ಮೀಟರ್ ದಾಟುತ್ತದೆ.

ಪ್ರವಾಸಿಗರ ಕಣ್ಣಿಗೆ ಎರಡೂ ಬದಿ ಹಸಿರು ಗುಡ್ಡ, ಕೆಳಗೆ ಕಪ್ಪು ನೀರು, ನಡೆದರೆ ತೊಟ್ಟಿಲಿನ ಹಾಗೆ ತೂಗೋ ಹಲಗೆ. ಊರವರ ಕಣ್ಣಿಗೆ ಅದು ರೇಷನ್, ಆಸ್ಪತ್ರೆ, ಸಂತೆಗೆ ಹೋಗೋ ರಸ್ತೆ.

ಕಾರು ಹತ್ತಿಸಿದ ಪ್ರಸಂಗ

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗು ಸೇತುವೆ ಕಡಿದು ಬಿತ್ತು. ಅದರ ಸುದ್ದಿ ಇನ್ನೂ ಟಿವಿಯಲ್ಲಿ ಓಡುತ್ತಿದ್ದಾಗಲೇ ಶಿವಪುರದ ವಿಡಿಯೋ ದೇಶವೆಲ್ಲ ಹರಿದಾಡಿತು. ಮಹಾರಾಷ್ಟ್ರದ ಪ್ರವಾಸಿಗರು ಮಾರುತಿ 800 ಕಾರನ್ನು ಸೇತುವೆ ಮೇಲೇ ಹತ್ತಿಸಿದ್ದರು. ಊರವರು ಅಡ್ಡ ನಿಂತು ಗದರಿಸಿದ ಮೇಲೆ ಕಾರು ಹಿಂದಕ್ಕೆ ಬಂತು.

ಆಗ ಎಲ್ಲರೂ ಹೇಳಿದ್ದು 'ಕಾರಿನ ಭಾರಕ್ಕೆ ಸೇತುವೆ ಬೀಳುತ್ತಿತ್ತು' ಅಂತ. ಲೆಕ್ಕ ಹಾಕಿದರೆ ವಿಷಯ ಸ್ವಲ್ಪ ಬೇರೆ. ಖಾಲಿ ಮಾರುತಿ 800ರ ತೂಕ ಸುಮಾರು 650 ಕೆ.ಜಿ. ತಲಾ 65 ಕೆ.ಜಿ.ಯ ಹತ್ತು ಜನ ಒಂದೇ ಕಡೆ ಗುಂಪಾಗಿ ಸೆಲ್ಫಿಗೆ ನಿಂತರೂ ಅಷ್ಟೇ ತೂಕ! ಹಾಗಾದರೆ ಕಾರಿಗೇನು ತೊಂದರೆ?

ತೊಂದರೆ ಇರೋದು ಭಾರ ಬೀಳೋ ಜಾಗದಲ್ಲಿ. ನಾಲ್ಕು ಜನ ಕೂತ ಕಾರು 900 ಕೆ.ಜಿ. ದಾಟುತ್ತದೆ. ಅದೆಲ್ಲ ನಾಲ್ಕು ಚಕ್ರದ ಅಡಿ, ಅಂಗೈಯಗಲದ ಜಾಗಕ್ಕೆ ಇನ್ನೂರು ಕೆ.ಜಿ.ಗೂ ಮಿಕ್ಕಿ ಒತ್ತುತ್ತದೆ. ಮನುಷ್ಯರ ಓಡಾಟಕ್ಕೆ ಹಾಕಿದ ಹಲಗೆ, ತಗಡಿಗೆ ಆ ಒತ್ತಡ ಹೊಸದು. ಬ್ರೇಕ್ ಒತ್ತಿದರೆ ಜಗ್ಗು ಇಡೀ ಸೇತುವೆಗೆ ಹೋಗುತ್ತದೆ. ಸುಮಾರು ಒಂದೂವರೆ ಮೀಟರ್ ಅಗಲದ ಕಾರು ನಡುವೆ ಕೆಟ್ಟು ನಿಂತರೆ ಬಾಗಿಲು ತೆಗೆದು ಇಳಿಯೋಕೂ ಜಾಗ ಇರೋದಿಲ್ಲ, ಎದುರಿಂದ ಬರೋರಿಗೆ ದಾರಿಯೂ ಇಲ್ಲ. ರೋಗಿಯನ್ನು ಕರೆತರೋರು ಆ ಹೊತ್ತಿಗೇ ಬಂದರೆ ಏನು ಗತಿ?

ಭಾರ ಹೊರೋರು ಯಾರು?

ತೂಗು ಸೇತುವೆಯಲ್ಲಿ ಹಲಗೆ ಭಾರ ಹೊರೋದಿಲ್ಲ, ದಾಟಿಸುತ್ತದೆ ಅಷ್ಟೇ. ನಮ್ಮ ತೂಕ ಹಲಗೆಯಿಂದ ಸಣ್ಣ ನೇತುಸರಳಿಗೆ, ಅಲ್ಲಿಂದ ಎರಡು ಬದಿಯ ದಪ್ಪ ಉಕ್ಕಿನ ಹಗ್ಗಕ್ಕೆ ಹೋಗುತ್ತದೆ. ಹಗ್ಗ ಎರಡೂ ದಂಡೆಯ ಕಂಬದ ಮೇಲಿಂದ ಇಳಿದು, ನೆಲದಲ್ಲಿ ಹೂತ ಕಾಂಕ್ರೀಟ್ ಗಡ್ಡೆಗೆ ಬಿಗಿದಿರುತ್ತದೆ. ಕಂಬ ಕೆಳಕ್ಕೆ ಒತ್ತುವ ಭಾರ ತಡೆಯುತ್ತದೆ, ಗಡ್ಡೆ ಎಳೆತ ತಡೆಯುತ್ತದೆ. ಈ ಗಡ್ಡೆ ಒಂದಿಷ್ಟು ಜರುಗಿದರೂ ಉಳಿದದ್ದೆಲ್ಲ ಗಟ್ಟಿಯಾಗಿದ್ದು ಉಪಯೋಗ ಇಲ್ಲ.

ಬಟ್ಟೆ ಒಣಹಾಕೋ ಹಗ್ಗ ನೋಡಿದವರಿಗೆ ಇನ್ನೊಂದು ಸಂಗತಿ ಬೇಗ ತಿಳಿಯುತ್ತದೆ. ಹಗ್ಗವನ್ನು ಎಷ್ಟು ಬಿಗಿಯಾಗಿ ಕಟ್ಟುತ್ತೀರೋ, ಒಂದು ಒದ್ದೆ ಕಂಬಳಿಗೇ ಅಷ್ಟು ಬೇಗ ಗೂಟ ಕಿತ್ತು ಬರುತ್ತದೆ. ಸೇತುವೆಗೂ ಅದೇ ನಿಯಮ. 200 ಮೀಟರ್ ಅಗಲದ ಹಳ್ಳಕ್ಕೆ ಹಗ್ಗ ಕಟ್ಟಿ, ನಡುವೆ 10 ಮೀಟರ್ ಜೋಲು ಬಿಟ್ಟಿದ್ದಾರೆ ಅಂದುಕೊಳ್ಳಿ. ಒಬ್ಬ 65 ಕೆ.ಜಿ. ಮನುಷ್ಯ ನಟ್ಟನಡುವೆ ನಿಂತರೆ ಎರಡೂ ಬದಿಯ ಹಗ್ಗ ಸೇರಿ ಬೀಳೋ ಎಳೆತ ಅವನ ತೂಕದ ಐದು ಪಟ್ಟು, ಅಂದರೆ ಸುಮಾರು 325 ಕೆ.ಜಿ. ಅದಕ್ಕೇ ನಡುವೆ ಗುಂಪು ನಿಲ್ಲಬೇಡಿ ಅನ್ನೋದು. ದಂಡೆ ಹತ್ತಿರ ನಿಂತ ಅದೇ ಜನ ಹಗ್ಗಕ್ಕೆ ಕೊಡೋ ಕಷ್ಟ ಕಡಿಮೆ.

ಹಾಗಂತ ಹತ್ತು ಜನ ಹತ್ತಿದ ಕೂಡಲೇ ಹೆದರಬೇಕಿಲ್ಲ. ಸೇತುವೆಯ ಕಾಲುದಾರಿಗೆ ನಮ್ಮ ದೇಶದ ಮಾನದಂಡ ಒಂದು ಚದರ ಮೀಟರಿಗೆ 400 ಕೆ.ಜಿ., ಜನಜಂಗುಳಿ ಸೇರೋ ಕಡೆ 500 ಕೆ.ಜಿ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ಒತ್ತೊತ್ತಾಗಿ ನಿಂತರೆ 260 ಕೆ.ಜಿ. ಆದರೆ ಹಳ್ಳಿಗೊಂದು ದಾರಿ ಅಂತ ಕಟ್ಟಿದ ಎಲ್ಲ ಸೇತುವೆಗೂ ಜಾತ್ರೆಯ ಲೆಕ್ಕ ಹಾಕಿರಬೇಕು ಅಂತೇನಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗು ಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಇಂಥ ಸೇತುವೆಗಳ ಗುಣವೇ ಅದು, ಕಡಿಮೆ ಖರ್ಚು, ಬೇಗ ಕೆಲಸ, ಊರಿನ ಓಡಾಟಕ್ಕೆ ಸಾಕಾಗೋ ಬಲ. ಶಾಲೆ ಮಕ್ಕಳು, ಹುಲ್ಲು ಹೊರೆ ಹೊತ್ತವರು, ಹಾಲು ತರೋರು ಒಟ್ಟಿಗೇ ಬಂದು ನಡುವೆ ನಿಲ್ಲೋದಿಲ್ಲ. ಪ್ರವಾಸಿಗರು ನಿಲ್ಲುತ್ತಾರೆ.

ಅಲ್ಲಾಡಿಸಿದರೆ ಏನಾಗುತ್ತೆ?

ತೂಗು ಸೇತುವೆ ತೂಗಬೇಕು, ತೂಗದಿದ್ದರೇ ಅನುಮಾನ. ಆದರೆ ಅದಕ್ಕೆ ತನ್ನದೇ ಒಂದು ತಾಳ ಇದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಒಂದೊಂದು ಬೆರಳಿನಿಂದ ದೂಡಿದರೂ ಎತ್ತರ ಹೋಗುತ್ತದಲ್ಲ, ಹಾಗೇ ಹತ್ತು ಹುಡುಗರು ಒಂದೇ ತಾಳಕ್ಕೆ ಕುಣಿದರೆ ತೂಗು ಹೆಚ್ಚುತ್ತಲೇ ಹೋಗುತ್ತದೆ. ಬೇಕಂತ ಕುಣಿಯಬೇಕು ಅಂತಲೂ ಇಲ್ಲ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನಕ್ಕೆ ಮುಚ್ಚಿತು. ಸೇತುವೆ ಸ್ವಲ್ಪ ಪಕ್ಕಕ್ಕೆ ವಾಲಿದಾಗ ಜನ ಬೀಳದಿರೋಕೆ ಅದೇ ತಾಳಕ್ಕೆ ಹೆಜ್ಜೆ ಹಾಕಿದರು, ಅದರಿಂದ ವಾಲಾಟ ಇನ್ನೂ ಜೋರಾಯಿತು. ಅಲುಗಾಟ ತಡೆಯೋ ಸಾಧನಗಳನ್ನು ಅಳವಡಿಸಿ ಮತ್ತೆ ತೆರೆಯೋಕೆ ಎರಡು ವರ್ಷ ಹಿಡಿಯಿತು. ಸೇತುವೆ ಜೋರಾಗಿ ತೂಗತೊಡಗಿದರೆ ಓಡಬೇಡಿ. ಕಂಬಿ ಹಿಡಿದು ನಿಂತುಬಿಡಿ, ತಾಳ ತಪ್ಪಿದ ಕೂಡಲೇ ತೂಗು ತಾನೇ ಇಳಿಯುತ್ತದೆ.

ಮೋರ್ಬಿಯಲ್ಲೂ ಹುಡುಗರು ಅಲ್ಲಾಡಿಸಿದ್ದೇ ಕಾರಣ ಅಂತ ಮೊದಲು ಮಾತು ಹಬ್ಬಿತ್ತು. ತನಿಖೆ ಹೇಳಿದ್ದು ಬೇರೆ. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಅವು ಮೊದಲೇ ಕಡಿದಿದ್ದಿರಬಹುದು ಅಂತ ವಿಶೇಷ ತನಿಖಾ ತಂಡ ವರದಿ ಕೊಟ್ಟಿತು. ದುರಸ್ತಿ ಹೆಸರಲ್ಲಿ ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸು ಹಾಕಿದ್ದರು, ಹಳೇ ನೇತುಸರಳಿಗೆ ಹೊಸದನ್ನು ವೆಲ್ಡಿಂಗ್ ಮಾಡಿದ್ದರು. ಮುಖ್ಯ ಹಗ್ಗ ಮಾತ್ರ ಹಾಗೇ ಇತ್ತು. ಅಕ್ಟೋಬರ್ 26ರಂದು ತೆರೆದ ಸೇತುವೆಗೆ 30ರಂದು ಮಿತಿಯಿಲ್ಲದೆ ಟಿಕೆಟ್ ಕೊಟ್ಟರು, ಬಿದ್ದಾಗ ಮೇಲೆ ಸುಮಾರು 300 ಜನ ಇದ್ದರು. ಸತ್ತವರು 135. ಬಣ್ಣ ಬಳಿದು ಹೊಸ ಹಲಗೆ ಹಾಕಿದ ಸೇತುವೆ ನೋಡಿ 'ರಿಪೇರಿ ಆಗಿದೆ' ಅಂದುಕೊಳ್ಳೋದು ಎಲ್ಲ ಊರಿನಲ್ಲೂ ಇದೆ. ಹಗ್ಗ ಮಣ್ಣಿಗೆ ಇಳಿಯೋ ಜಾಗ, ಕಂಬದ ತುದಿ, ಬಿಗಿಯೋ ಬೋಲ್ಟು ಇವನ್ನು ಯಾರಾದರೂ ಬಲ್ಲವರು ನೋಡಿದ್ದಾರಾ ಅನ್ನೋದು ಕೇಳಬೇಕಾದ ಪ್ರಶ್ನೆ. ನಮ್ಮ ಮಳೆಗೆ ತುಕ್ಕು ಹಿಡಿಯೋಕೆ ಹೆಚ್ಚು ಕಾಲ ಬೇಡ.

ಮಳೆಗಾಲದಲ್ಲಿ ಬೇಡ

ಜಿಲ್ಲೆಗೆ ಇದು ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ. 2019ರ ನೆರೆಯಲ್ಲಿ ಗಂಗಾವಳಿ ಉಕ್ಕಿ ರಾಮನಗುಳಿಯ ತೂಗು ಸೇತುವೆ ಕೊಚ್ಚಿಹೋಯಿತು. 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆ ಹೋಯಿತು, ಅದೇ ಮಳೆಗೆ ಕಳಚೆಯಲ್ಲಿ ಗುಡ್ಡ ಕುಸಿಯಿತು. ನೆರೆಯಲ್ಲಿ ತೂಗು ಸೇತುವೆಗೆ ಬರಿ ನೀರಿಗಿಂತ ಅದರಲ್ಲಿ ತೇಲಿ ಬರೋ ಮರದ ದಿಮ್ಮಿಗಳ ಭಯ ಹೆಚ್ಚು. ಹಲಗೆಗೆ ಒಂದು ಮರ ಸಿಕ್ಕಿಕೊಂಡರೆ ಅದಕ್ಕೆ ಕಸ, ಕೊಂಬೆ ಸೇರಿ ಗೋಡೆಯಾಗುತ್ತದೆ. ಆಮೇಲೆ ನದಿ ಸೇತುವೆಯನ್ನೇ ದೂಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೇತುವೆ ಬಿಟ್ಟರೂ ರಸ್ತೆಯೇ ನಂಬಿಕೆಯದ್ದಲ್ಲ, ಜಿಗಣೆ ಕಾಟ ಬೇರೆ. ಜಿಲ್ಲಾಡಳಿತ ಜಲಪಾತಗಳಿಗೆ ನಿರ್ಬಂಧ ಹಾಕಿದೆ ಅಂದರೆ ಇದಕ್ಕೂ ಹೋಗೋದು ಬೇಡ ಅಂತಲೇ ತಿಳಿಯಿರಿ.

ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಬೆಳಿಗ್ಗೆ ಬೇಗ ಯಲ್ಲಾಪುರ ಬಿಟ್ಟರೆ ಸೇತುವೆ ನೋಡಿಕೊಂಡು ಸಾತೊಡ್ಡಿ ಜಲಪಾತವನ್ನೂ ಅದೇ ದಿನ ಮುಗಿಸಬಹುದು. ಪಟ್ಟಣದಿಂದ ಸಾತೊಡ್ಡಿಗೆ ಸುಮಾರು 32 ಕಿ.ಮೀ., ಅದರ ನೀರೂ ಹೋಗಿ ಸೇರೋದು ಕೊಡಸಳ್ಳಿ ಹಿನ್ನೀರಿಗೇ. ಆಳವಾದ ಕಮರಿ ನೋಡಬೇಕು ಅನ್ನೋರಿಗೆ ಬೇಡ್ತಿ ನದಿಯ ಮಾಗೋಡು ಜಲಪಾತ, ಜೇನುಕಲ್ಲು ಗುಡ್ಡ ಬೇರೆ ದಿಕ್ಕು, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳೋದು ವಾಸಿ. ಒಂದೇ ದಿನಕ್ಕೆ ಎಲ್ಲ ತುರುಕಿದವರು ಕತ್ತಲಲ್ಲಿ ಕಾಡುರಸ್ತೆ ಹುಡುಕುತ್ತಾರೆ, ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಾಗ ನಕ್ಷೆಯೂ ಇರೋದಿಲ್ಲ.

ಇಲ್ಲಿ ಅಂಗಡಿಯವರ ಪಾತ್ರ ಸಣ್ಣದಲ್ಲ. ದಾರಿ ಕೇಳೋ ಗಿರಾಕಿಗೆ ಪೆಟ್ರೋಲ್ ಇಲ್ಲೇ ಹಾಕಿಸಿ, ಊಟ ಇಲ್ಲೇ ಕಟ್ಟಿಸಿಕೊಳ್ಳಿ, ಮುಂದೆ ಏನೂ ಸಿಗೋದಿಲ್ಲ ಅಂತ ಹೇಳಿದರೆ ವ್ಯಾಪಾರವೂ ಆಯಿತು, ಅವರಿಗೆ ಉಪಕಾರವೂ ಆಯಿತು. ಅದರ ಜತೆ ಎರಡು ಮಾತು ಸೇರಿಸಬಹುದು: ಗಾಡಿ ದಂಡೆಯಲ್ಲೇ ನಿಲ್ಲಿಸಿ, ಸೇತುವೆ ಬಾಯಿಗೆ ಅಡ್ಡ ಇಡಬೇಡಿ. ಎದುರಿಂದ ಊರವರು ಬಂದರೆ ಅವರು ದಾಟೋ ತನಕ ಕಾಯಿರಿ. ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ಊಟದ ಎಲೆ ಹಿನ್ನೀರಿಗೆ ಬಿದ್ದರೂ ಕರಗೀತು, ಪ್ಲಾಸ್ಟಿಕ್ ಡಬ್ಬಿ ಕದ್ರಾ ತನಕ ತೇಲುತ್ತೆ.

ಹಲಗೆ ಕಿತ್ತಿದ್ದು, ಬೋಲ್ಟು ಸಡಿಲಾಗಿದ್ದು, ನೇತುಸರಳು ಒಂದು ಕಡೆ ಜೋತಿದ್ದು ಕಣ್ಣಿಗೆ ಬಿದ್ದರೆ ಫೋಟೋ ತೆಗೆದು ಗ್ರಾಮ ಪಂಚಾಯಿತಿಗೆ ತಿಳಿಸಬಹುದು. ಎಷ್ಟನೇ ಕಂಬಿ ಹತ್ತಿರ, ಯಾವ ಬದಿ ಅಂತ ಬರೆದುಕೊಟ್ಟರೆ ಹುಡುಕೋರಿಗೆ ಸುಲಭ. ಅವಘಡ ಆದರೆ ಕರೆ ಮಾಡಬೇಕಾದ ನಂಬರ್ 112, ನೆಟ್‌ವರ್ಕ್ ಎಲ್ಲಿ ತನಕ ಸಿಗುತ್ತೆ ಅನ್ನೋದನ್ನು ಹೋಗುವಾಗಲೇ ನೋಡಿಟ್ಟುಕೊಳ್ಳಿ.