ಚಿತ್ರ ತೋರಿಸಿ ಕತೆ ಕೇಳಿದ ನರ್ಸ್

ಮಗುವಿಗೆ ದೊಡ್ಡ ಕಾಯಿಲೆ ಬಂದರೆ ಅದರ ಹೆಸರು ಮಗುವಿನ ಕಿವಿಗೆ ಬೀಳಬಾರದು. 1960ರ ದಶಕದ ಅಮೆರಿಕದ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಇದೇ ಪದ್ಧತಿ ನಡೆದುಬಂದಿತ್ತು. ಹತ್ತರೊಳಗಿನ ಮಕ್ಕಳಿಗೆ ಸಾವೆಂದರೇನೆಂದು ತಿಳಿಯದು, ಹಾಗಾಗಿ ಅದರ ಭಯವೂ ಇರದು ಎಂದು ತಜ್ಞರು ಬರೆಯುತ್ತಿದ್ದರು. ಅಪ್ಪ ಅಮ್ಮಂದಿರು, ಡಾಕ್ಟರುಗಳು ಹೇಳಿದ್ದನ್ನು ನಂಬಿ ಬರೆದದ್ದೇ ಹೆಚ್ಚು. ಮಕ್ಕಳನ್ನೇ ಕೂರಿಸಿಕೊಂಡು ಕೇಳಿದವರು ಕಡಿಮೆ.

ಯುಜೀನಿಯಾ ವೇಕ್ಟರ್ ಎಂಬ ನರ್ಸ್ ಮಕ್ಕಳನ್ನೇ ಕೇಳಿದರು. ನಿನಗೇನಾಗಿದೆ ಗೊತ್ತಾ ಎಂದು ನೇರವಾಗಿ ಕೇಳುವಂತಿರಲಿಲ್ಲ. ಅದಕ್ಕೆ ಅವರು ಎಂಟು ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟು, ಇದಕ್ಕೊಂದು ಕತೆ ಹೇಳು ಎಂದರು. 6ರಿಂದ 10 ವರ್ಷದ 64 ಮಕ್ಕಳು ಕತೆ ಹೇಳಿದರು. ಅವರಲ್ಲಿ 16 ಮಕ್ಕಳಿಗೆ ಬದುಕುವ ಭರವಸೆ ಕಡಿಮೆಯಿದ್ದ ಕಾಯಿಲೆ. ಮನೆಯವರು ಅದರ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು ಇಬ್ಬರ ಜೊತೆ ಮಾತ್ರ. ಆದರೂ ಈ ಮಕ್ಕಳ ಕತೆಗಳ ತುಂಬ ಸಾವು, ಒಂಟಿತನ. ಕತೆಯ ಹುಡುಗನಿಗೋ ಹುಡುಗಿಗೋ ಅವರು ತಮ್ಮದೇ ಕಾಯಿಲೆಯನ್ನು, ತಮ್ಮದೇ ನೋವುಗಳನ್ನು ಕೊಟ್ಟಿದ್ದರು. ಬಹುತೇಕರಿಗೆ ಯಾರೂ ಹೇಳದಿದ್ದ ಕಾಯಿಲೆ! ಮಾತಾಡಲು ಅವಕಾಶ ಸಿಕ್ಕಿದ್ದ ಮಕ್ಕಳಲ್ಲಿ ಮಾತ್ರ ಆತಂಕ ಕಡಿಮೆಯಿತ್ತು. ಈ ಅಧ್ಯಯನ 1971ರಲ್ಲಿ ಅಚ್ಚಾಯಿತು.

ಮಕ್ಕಳಿಗೆ ಗೊತ್ತಿದೆ ಎಂಬುದು ಇಲ್ಲಿಗೆ ಖಚಿತವಾಯಿತು. ಗೊತ್ತಾದದ್ದು ಹೇಗೆ ಎಂಬುದನ್ನು ಬಿಡಿಸಿದವರು ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್. ರಕ್ತದ ಕ್ಯಾನ್ಸರಿನ ವಾರ್ಡಿನಲ್ಲಿ 3ರಿಂದ 9 ವರ್ಷದ ಮಕ್ಕಳ ಜೊತೆ ತಿಂಗಳುಗಟ್ಟಲೆ ಇದ್ದು ಅವರು ಬರೆದ ಪುಸ್ತಕ 1978ರಲ್ಲಿ ಬಂತು. ಮಕ್ಕಳ ತಿಳಿವು ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ತನಗೆ ಬಂದಿರುವುದು ದೊಡ್ಡ ಕಾಯಿಲೆ ಎಂಬುದು ಮೊದಲು. ಆಮೇಲೆ ಔಷಧಿಗಳ ಹೆಸರು, ಯಾವುದರಿಂದ ಏನು ತೊಂದರೆ ಎಂಬುದು. ಬಳಿಕ ಯಾವ ಚಿಕಿತ್ಸೆ ಯಾತಕ್ಕೆ ಎಂಬುದು. ವಾಸಿಯಾದಂತೆ ಕಂಡದ್ದು ಮತ್ತೆ ಮತ್ತೆ ಮರಳುತ್ತದೆ ಎಂಬುದು ನಾಲ್ಕನೆಯದು. ಈ ಮರಳಾಟ ಸಾವಿನಲ್ಲಿ ಮುಗಿಯುತ್ತದೆ ಎಂಬುದು, ಅದೇ ಕಾಯಿಲೆಯ ಇನ್ನೊಂದು ಮಗು ಸತ್ತ ಸುದ್ದಿ ಕೇಳಿದಾಗ.

ಇದರಲ್ಲಿ ವಯಸ್ಸಿನ ಲೆಕ್ಕ ಮುಖ್ಯವಾಗಲೇ ಇಲ್ಲ. ಕಾಯಿಲೆ ಹಲವು ಸಲ ಮರಳಿದ್ದ ನಾಲ್ಕು ವರ್ಷದ ಮಗು, ಈಗಷ್ಟೇ ವಾರ್ಡಿಗೆ ಬಂದ ಒಂಬತ್ತು ವರ್ಷದ ಜಾಣನಿಗಿಂತ ಹೆಚ್ಚು ತಿಳಿದಿರುತ್ತಿತ್ತು. ಅನುಭವವೇ ಕಲಿಸಿತ್ತು. ಮಕ್ಕಳು ಬಾಯಿಬಿಡುತ್ತಿರಲಿಲ್ಲ, ಅಷ್ಟೆ. ತಾವು ಕೇಳಿದರೆ ಅಪ್ಪ ಅಮ್ಮ ಅಳುತ್ತಾರೆ, ಡಾಕ್ಟರ್ ಮಾತು ಮರೆಸುತ್ತಾರೆ ಎಂಬುದನ್ನೂ ಅವು ಕಲಿತಿದ್ದವು. ದೊಡ್ಡವರನ್ನು ಕಾಪಾಡಲು ಏನೂ ತಿಳಿಯದವರಂತೆ ಇರುತ್ತಿದ್ದವು. ಈ ಇಡೀ ಕತೆಯಲ್ಲಿ ನನ್ನ ಕರುಳು ಹಿಂಡುವುದು ಇದೊಂದೇ ಸಂಗತಿ.

ಇಷ್ಟು ತಿಳಿದ ಮಗುವಿಗೆ ತನ್ನ ಚಿಕಿತ್ಸೆಯಲ್ಲಿ ಪಾಲು ಕೊಡಬಹುದೇ? ಈ ಪ್ರಶ್ನೆಯನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದವರು ಲಂಡನ್ನಿನ ಪ್ರಿಸಿಲ್ಲಾ ಆಲ್ಡರ್ಸನ್. ಟೈಪ್ 1 ಡಯಾಬಿಟಿಸ್ ಇರುವ 3ರಿಂದ 12 ವರ್ಷದ 24 ಮಕ್ಕಳನ್ನು ಅವರೂ ಸಂಗಡಿಗರೂ ಮಾತಾಡಿಸಿದರು. ಈ ಕಾಯಿಲೆ ಬಂದ ಮಗು ದಿನಾ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳಬೇಕು, ತಿನ್ನುವ ತುತ್ತಿಗೆ ತಕ್ಕಷ್ಟು ಇನ್ಸುಲಿನ್ ತೆಗೆದುಕೊಳ್ಳಬೇಕು, ಗೆಳೆಯರ ಹುಟ್ಟುಹಬ್ಬದಲ್ಲಿ ಕೇಕ್ ಬಂದಾಗ ತಿನ್ನಲೋ ಬಿಡಲೋ ಎಂದು ಯೋಚಿಸಬೇಕು. ಆಗ ಅಮ್ಮ ಪಕ್ಕದಲ್ಲಿ ಇರುವುದಿಲ್ಲ. ನಾಲ್ಕೈದು ವರ್ಷದ ಮಕ್ಕಳೂ ಈ ಲೆಕ್ಕವನ್ನು ಬಲ್ಲವರಾಗಿದ್ದರು, ದಿನದಿನದ ಆರೈಕೆಯಲ್ಲಿ ದೊಡ್ಡವರೊಂದಿಗೆ ಕೈಜೋಡಿಸಿದ್ದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನವೂ ಹೇಳಿದ್ದು ಅದನ್ನೇ: ವಯಸ್ಸಿಗಿಂತ ಅನುಭವ ದೊಡ್ಡದು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ವೈದ್ಯಕೀಯ ಸಂಶೋಧನೆಗೆ ಸೇರಿಸಿಕೊಳ್ಳುವ ಮುಂಚೆ 7 ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆ ಕೇಳಬೇಕು, 12 ದಾಟಿದರೆ ಬರವಣಿಗೆಯಲ್ಲಿ ಕೇಳಬೇಕು. ಒಳ್ಳೆಯ ಹೆಜ್ಜೆ. ಆದರೆ ಅಲ್ಲೂ ಗೆರೆ ಎಳೆದಿರುವುದು ವಯಸ್ಸಿನ ಮೇಲೆ. ಎರಡು ವರ್ಷದಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿರುವ ಐದು ವರ್ಷದ ಹುಡುಗಿ ಆ ಗೆರೆಯ ಆಚೆಗೇ ಉಳಿಯುತ್ತಾಳೆ.